ಲಿನಕ್ಸ್ ಮತ್ತು ಯುನಿಕ್ಸ್ ಮೂಲ ಆಜ್ಞೆಗಳು: ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಮೂಲ ದಾಖಲೆಗಳನ್ನು ಸ್ಕ್ಯಾನ್ ಮಾಡಿ, ನಿಗದಿತ ನಮೂನೆ ಮತ್ತು ನಿಗದಿತ ಗಾತ್ರದ ಕಡತಗಳನ್ನಾಗಿ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಮನೆಯಲ್ಲಾಗಲಿ, ಗ್ರಂಥಾಲಯದಲ್ಲಾಗಲಿ, ಸೇವಾ ಕೇಂದ್ರದಲ್ಲಾಗಲಿ ಅರ್ಜಿದಾರರಿಗೆ ದೊರೆಯುವ ಗಣಕಯಂತ್ರದಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರಬಹುದು. ಅಂತಹ ಗಣಕಯಂತ್ರದಲ್ಲಿ ದಾಖಲೆಗಳನ್ನು ಹುಡುಕಲು, ಪ್ರತಿ ಮಾಡಲು, ಗಾತ್ರವನ್ನು ಪರಿಶೀಲಿಸಲು ಹಾಗೂ ಪರರ ದೃಷ್ಟಿಗೆ ಬೀಳದಂತೆ ರಕ್ಷಿಸಲು ಅಗತ್ಯವಾದ ಕೆಲವೇ ಆಜ್ಞೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಗಣಕ ವಿಜ್ಞಾನದ ಪೂರ್ವ ಪರಿಚಯವಿಲ್ಲದವರೂ ಇದನ್ನು ಅನುಸರಿಸಬಹುದಾಗಿದೆ.

ಈ ಆಜ್ಞೆಗಳು ಬಹು ಸಮರ್ಥವಾದವು. ಒಂದು ಖಾಲಿ ಸ್ಥಳವನ್ನು ತಪ್ಪಾಗಿ ಟೈಪ್ ಮಾಡಿದ ಕಾರಣಕ್ಕೆ ಕೋಶದಲ್ಲಿರುವ ಎಲ್ಲ ದಾಖಲೆಗಳೂ ಅಳಿದುಹೋಗುವ ಸಂಭವವಿರುತ್ತದೆ. ಆದ್ದರಿಂದ ಅರ್ಜಿದಾರರು 5ನೇ ಮತ್ತು 9ನೇ ಭಾಗಗಳನ್ನು ಓದದೆ ಆಜ್ಞೆಗಳನ್ನು ಪ್ರಯೋಗಿಸಬಾರದಾಗಿ ಕೋರಲಾಗಿದೆ.

1. ಹಿನ್ನೆಲೆ

ಯುನಿಕ್ಸ್ ವ್ಯವಸ್ಥೆಯು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಅವರ ಸಹೋದ್ಯೋಗಿಗಳಿಂದ ಆರಂಭಗೊಂಡಿತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೈನಸ್ ಟೊರ್ವಾಲ್ಡ್ಸ್ ಅವರು ಅದೇ ಮಾದರಿಯಲ್ಲಿ ಲಿನಕ್ಸ್ ತಿರುಳನ್ನು ರಚಿಸಿದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಅವರು ಘೋಷಿಸಿದ ಗ್ನೂ ಯೋಜನೆಯ ಮುಕ್ತ ತಂತ್ರಾಂಶಗಳು ಈ ತಿರುಳಿನೊಡನೆ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳ ಸೌಲಭ್ಯದೊಂದಿಗೆ ‘ಬಾಸ್’ ಎಂಬ ಲಿನಕ್ಸ್ ಆವೃತ್ತಿಯನ್ನು ಅಭಿವೃದ್ಧಿಪಡಿಸಿದೆ. ಕೇಂದ್ರ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶಗಳ ಅಳವಡಿಕೆ ಕುರಿತ ನೀತಿಯನ್ನು ಹೊರಡಿಸಿತು.

ಆವೃತ್ತಿಗಳು ಹಲವಾದರೂ ಇಲ್ಲಿ ವಿವರಿಸಿರುವ ಮೂಲ ಆಜ್ಞೆಗಳು ಬಹುಮಟ್ಟಿಗೆ ಎಲ್ಲದರಲ್ಲಿಯೂ ಒಂದೇ ಆಗಿರುತ್ತವೆ. ಆದುದರಿಂದ ಒಮ್ಮೆ ಕಲಿತದ್ದು ಬೇರೆ ಗಣಕಯಂತ್ರದಲ್ಲಿಯೂ ಉಪಯೋಗಕ್ಕೆ ಬರುತ್ತದೆ.

2. ಆಜ್ಞೆಗಳನ್ನು ಓದುವ ಮತ್ತು ಟೈಪ್ ಮಾಡುವ ಕ್ರಮ

ಈ ಪುಟದಲ್ಲಿ ಆಜ್ಞೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ನೀಡಲಾಗಿದೆ. ಟೈಪ್ ಮಾಡುವಾಗ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿಯೇ ಟೈಪ್ ಮಾಡತಕ್ಕದ್ದು. ಪ್ರತಿಯೊಂದು ಆಜ್ಞೆಯ ಮೊದಲ ಉಲ್ಲೇಖದಲ್ಲಿ ಅದರ ಅಕ್ಷರಗಳನ್ನು ಬಿಡಿಬಿಡಿಯಾಗಿ ತಿಳಿಸಲಾಗಿದೆ. ಇಂಗ್ಲಿಷಿನ ಸಾಮಾನ್ಯ ಪದವೇ ಆಜ್ಞೆಯಾಗಿರುವಲ್ಲಿ ಆ ಪದದ ಕಾಗುಣಿತವನ್ನೇ ಬಳಸುವುದು. ಕಡತಗಳ ಹೆಸರನ್ನು ಕನ್ನಡದಲ್ಲಿಯೇ ಇಡಬಹುದಾದುದರಿಂದ ಉದಾಹರಣೆಗಳಲ್ಲಿ ಕನ್ನಡ ಹೆಸರುಗಳನ್ನು ಉಳಿಸಿಕೊಳ್ಳಲಾಗಿದೆ. ಚುಕ್ಕಿಯ ನಂತರದ ‘ಪಿಡಿಎಫ್’ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿರಬೇಕು.

ಅನ್ವಯ ತಂತ್ರಾಂಶಗಳ ಪಟ್ಟಿಯಲ್ಲಿ ‘ಟರ್ಮಿನಲ್’ ಎಂಬುದನ್ನು ತೆರೆದಲ್ಲಿ ಒಂದು ಕಿಟಕಿ ಮೂಡುತ್ತದೆ. ಸಾಮಾನ್ಯವಾಗಿ ಡಾಲರ್ ಚಿಹ್ನೆಯೊಂದಿಗೆ ಮುಗಿಯುವ ಸಾಲು, ವ್ಯವಸ್ಥೆಯು ತಮ್ಮ ಆಜ್ಞೆಗಾಗಿ ಕಾಯುತ್ತಿದೆ ಎಂಬುದನ್ನು ಸೂಚಿಸುತ್ತದೆ. ಆಜ್ಞೆಯನ್ನು ಟೈಪ್ ಮಾಡಿ ಎಂಟರ್ ಕೀಲಿಯನ್ನು ಒತ್ತಿದ ನಂತರವೇ ಅದು ಜಾರಿಯಾಗುತ್ತದೆ.

ಆಜ್ಞೆಯ ರಚನೆಯಲ್ಲಿ ಮೂರು ಅಂಗಗಳಿವೆ:

1. ಆಜ್ಞೆಯ ಹೆಸರು: ಏನು ಮಾಡಬೇಕು ಎಂಬುದು.
2. ಆಯ್ಕೆ: ಹೇಗೆ ಮಾಡಬೇಕು ಎಂಬುದು. ಇದು ಅಡ್ಡಗೆರೆಯಿಂದ ಆರಂಭವಾಗುತ್ತದೆ.
3. ಕಡತ ಅಥವಾ ಕೋಶದ ಹೆಸರು: ಯಾವುದರ ಮೇಲೆ ಮಾಡಬೇಕು ಎಂಬುದು.

ಈ ಅಂಗಗಳ ನಡುವೆ ಒಂದು ಖಾಲಿ ಸ್ಥಳವಿರಬೇಕು. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯೆಂದೇ ಪರಿಗಣಿಸುತ್ತದೆ. ಆಜ್ಞೆಯು ಯಶಸ್ವಿಯಾದಾಗ ಅನೇಕ ವೇಳೆ ಪರದೆಯ ಮೇಲೆ ಯಾವ ಸಂದೇಶವೂ ಬರುವುದಿಲ್ಲ. ಇದು ದೋಷವಲ್ಲ; ದೋಷವಿದ್ದರೆ ಮಾತ್ರ ತಿಳಿಸುವುದು ಯುನಿಕ್ಸ್ ಪದ್ಧತಿ.

3. ತಾವು ಎಲ್ಲಿರುವಿರಿ ಎಂಬುದನ್ನು ತಿಳಿಯುವುದು

ಪಿಡಬ್ಲ್ಯೂಡಿ (ಪಿ, ಡಬ್ಲ್ಯೂ, ಡಿ): ಪ್ರಸ್ತುತ ಯಾವ ಕೋಶದಲ್ಲಿ ಕೆಲಸ ಮಾಡಲಾಗುತ್ತಿದೆ ಎಂಬುದರ ಪೂರ್ಣ ವಿಳಾಸವನ್ನು ತೋರಿಸುತ್ತದೆ. ವಿಳಾಸವು ಓರೆಗೆರೆಯಿಂದ ಆರಂಭವಾಗುತ್ತದೆ. ಹೋಬಳಿ, ತಾಲ್ಲೂಕು, ಜಿಲ್ಲೆಗಳಂತೆ ಕೋಶಗಳು ಒಂದರೊಳಗೊಂದು ಅಡಕವಾಗಿದ್ದು, ಅತ್ಯಂತ ಮೇಲಿನ ಕೋಶವನ್ನು ಓರೆಗೆರೆಯೊಂದರಿಂದಲೇ ಸೂಚಿಸಲಾಗುತ್ತದೆ.

ಎಲ್‌ಎಸ್ (ಎಲ್, ಎಸ್): ಕೋಶದಲ್ಲಿರುವ ಕಡತಗಳ ಪಟ್ಟಿಯನ್ನು ನೀಡುತ್ತದೆ. ‘ಎಲ್‌ಎಸ್ -ಎಲ್’ ಎಂದಲ್ಲಿ ಗಾತ್ರ, ದಿನಾಂಕ, ಮಾಲೀಕರ ಹೆಸರು ಮೊದಲಾದ ವಿವರಗಳು ದೊರೆಯುತ್ತವೆ.

ಸಿಡಿ (ಸಿ, ಡಿ): ಒಂದು ಕೋಶದಿಂದ ಮತ್ತೊಂದಕ್ಕೆ ಹೋಗಲು. ‘ಸಿಡಿ ಅರ್ಜಿ’ ಎಂದರೆ ಅರ್ಜಿ ಎಂಬ ಕೋಶದೊಳಕ್ಕೆ ಪ್ರವೇಶ; ‘ಸಿಡಿ ..’ ಎಂದರೆ ಒಂದು ಹಂತ ಮೇಲಕ್ಕೆ. ಹೆಸರನ್ನು ನೀಡದೆ ಬರಿಯ ‘ಸಿಡಿ’ ಎಂದಲ್ಲಿ ತಮ್ಮ ಸ್ವಂತ ಕೋಶಕ್ಕೆ ಮರಳುವಿರಿ. ಈ ಸ್ವಂತ ಕೋಶವನ್ನು ‘~’ ಚಿಹ್ನೆಯಿಂದಲೂ ಸೂಚಿಸಬಹುದು.

ಯಾವುದೇ ಕೆಲಸವನ್ನು ಆರಂಭಿಸುವ ಮೊದಲು ಪಿಡಬ್ಲ್ಯೂಡಿ ಮತ್ತು ಎಲ್‌ಎಸ್ ಆಜ್ಞೆಗಳನ್ನು ನೀಡಿ ಖಚಿತಪಡಿಸಿಕೊಳ್ಳುವುದು ಉತ್ತಮ ರೂಢಿ. ಇವೆರಡೂ ಕೇವಲ ತೋರಿಸುತ್ತವೆ, ಏನನ್ನೂ ಬದಲಿಸುವುದಿಲ್ಲ.

4. ಕೋಶ ರಚನೆ, ಪ್ರತಿ ಮತ್ತು ಹೆಸರು ಬದಲಾವಣೆ

ಎಂಕೆಡಿರ್ (ಎಂ, ಕೆ, ಡಿ, ಐ, ಆರ್): ಹೊಸ ಕೋಶವನ್ನು ರಚಿಸುತ್ತದೆ. ಪ್ರತಿಯೊಂದು ಅರ್ಜಿಗೂ ಪ್ರತ್ಯೇಕ ಕೋಶವನ್ನು ಇಟ್ಟುಕೊಳ್ಳುವುದು ಸೂಕ್ತ.

ಎಂಕೆಡಿರ್ ಅರ್ಜಿ

ಸಿಪಿ (ಸಿ, ಪಿ): ಕಡತದ ಪ್ರತಿಯನ್ನು ಮಾಡುತ್ತದೆ. ಮೊದಲು ಮೂಲ, ನಂತರ ಗುರಿ.

ಸಿಪಿ -ಐ ಪಹಣಿ.ಪಿಡಿಎಫ್ ಅರ್ಜಿ/

ಎಂವಿ (ಎಂ, ವಿ): ಕಡತವನ್ನು ಸ್ಥಳಾಂತರಿಸುತ್ತದೆ, ಅದೇ ಕೋಶದಲ್ಲಿ ಬೇರೆ ಹೆಸರನ್ನು ನೀಡಿದಲ್ಲಿ ಹೆಸರನ್ನು ಬದಲಿಸುತ್ತದೆ.

ಎಂವಿ -ಐ ಸ್ಕ್ಯಾನ್1.ಪಿಡಿಎಫ್ ಆದಾಯ.ಪಿಡಿಎಫ್

ಎರಡೂ ಆಜ್ಞೆಗಳಲ್ಲಿ ಗುರಿಯ ಸ್ಥಳದಲ್ಲಿ ಅದೇ ಹೆಸರಿನ ಕಡತವು ಮೊದಲೇ ಇದ್ದರೆ, ಅದರ ಮೇಲೆಯೇ ಬರೆದುಬಿಡಲಾಗುತ್ತದೆ ಮತ್ತು ಹಿಂದಿನ ಕಡತವು ಇಲ್ಲವಾಗುತ್ತದೆ. ‘-ಐ’ ಆಯ್ಕೆಯನ್ನು ನೀಡಿದಾಗ ಮಾತ್ರ ವ್ಯವಸ್ಥೆಯು ಮುಂಚಿತವಾಗಿ ಕೇಳುತ್ತದೆ. ಆದ್ದರಿಂದ ಅರ್ಜಿದಾರರು ಈ ಆಯ್ಕೆಯನ್ನು ಕಡ್ಡಾಯವೆಂದೇ ಭಾವಿಸುವುದು ಕ್ಷೇಮ.

ಪ್ರತಿಯು ಮೂಲದಂತೆಯೇ ಇದೆಯೇ ಎಂಬುದನ್ನು ಸಿಎಂಪಿ (ಸಿ, ಎಂ, ಪಿ) ಆಜ್ಞೆಯಿಂದ ಪರೀಕ್ಷಿಸಬಹುದು.

ಸಿಎಂಪಿ ಪಹಣಿ.ಪಿಡಿಎಫ್ ಅರ್ಜಿ/ಪಹಣಿ.ಪಿಡಿಎಫ್

ಎರಡೂ ಒಂದೇ ಆಗಿದ್ದರೆ ಯಾವ ಸಂದೇಶವೂ ಬರುವುದಿಲ್ಲ. ವ್ಯತ್ಯಾಸವಿದ್ದರೆ ಅದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ತಿಳಿಸುತ್ತದೆ.

5. ಕಡತ ಅಳಿಸುವಿಕೆ: ವಿಶೇಷ ಎಚ್ಚರಿಕೆ

ಆರ್‌ಎಂ (ಆರ್, ಎಂ): ಕಡತವನ್ನು ಅಳಿಸುತ್ತದೆ. ಈ ಆಜ್ಞೆಯಿಂದ ಅಳಿಸಿದ ಕಡತವು ಕಸದ ಬುಟ್ಟಿಗೆ ಹೋಗುವುದಿಲ್ಲ. ಅದನ್ನು ಮರಳಿ ಪಡೆಯಲು ಯಾವ ಸಾಮಾನ್ಯ ಆಜ್ಞೆಯೂ ಇರುವುದಿಲ್ಲ. ದಾಖಲೆಯ ಏಕೈಕ ಪ್ರತಿಯನ್ನು ಹೀಗೆ ಕಳೆದುಕೊಂಡಲ್ಲಿ ಅರ್ಜಿದಾರರು ಪುನಃ ಸ್ಕ್ಯಾನ್ ಮಾಡಿಸಬೇಕಾಗುತ್ತದೆ. ಕಾಗದದ ಮೂಲವೂ ಕೈಯಲ್ಲಿಲ್ಲದಿದ್ದರೆ ಪುನಃ ಪಡೆಯಲು ಕಚೇರಿಗೆ ಅಲೆಯಬೇಕಾಗುತ್ತದೆ.

ನಕ್ಷತ್ರ ಚಿಹ್ನೆ ‘*’ ಎಂಬುದು ‘ಯಾವುದೇ ಅಕ್ಷರಗಳು’ ಎಂಬ ಅರ್ಥವನ್ನು ಕೊಡುತ್ತದೆ. ಕೆಳಗಿನ ಎರಡು ಸಾಲುಗಳ ನಡುವಿನ ವ್ಯತ್ಯಾಸವನ್ನು ಗಮನಿಸಿರಿ.

ಆರ್‌ಎಂ ಹಳೆಯ*

ಆರ್‌ಎಂ ಹಳೆಯ *

ಮೊದಲನೆಯದು ‘ಹಳೆಯ’ ಎಂಬ ಅಕ್ಷರಗಳಿಂದ ಆರಂಭವಾಗುವ ಕಡತಗಳನ್ನು ಮಾತ್ರ ಅಳಿಸುತ್ತದೆ. ಎರಡನೆಯದರಲ್ಲಿ ನಕ್ಷತ್ರದ ಹಿಂದೆ ಖಾಲಿ ಸ್ಥಳವಿರುವುದರಿಂದ, ‘ಹಳೆಯ’ ಎಂಬ ಕಡತದ ಜೊತೆಗೆ ಆ ಕೋಶದಲ್ಲಿ ಕಾಣುವ ಎಲ್ಲ ಕಡತಗಳನ್ನೂ ಅಳಿಸುತ್ತದೆ. ಇದನ್ನು ತಪ್ಪಿಸಲು ಈ ಕೆಳಕಂಡ ಕ್ರಮವನ್ನು ಅನುಸರಿಸುವುದು:

1. ಅಳಿಸುವ ಮೊದಲು ಪಿಡಬ್ಲ್ಯೂಡಿ ಆಜ್ಞೆಯಿಂದ ಕೋಶವನ್ನು ಖಚಿತಪಡಿಸಿಕೊಳ್ಳುವುದು.
2. ಅದೇ ಹೆಸರನ್ನು ಎಲ್‌ಎಸ್ ಆಜ್ಞೆಗೆ ನೀಡಿ, ಯಾವ ಯಾವ ಕಡತಗಳು ಬರುತ್ತವೆ ಎಂಬುದನ್ನು ನೋಡುವುದು.
3. ಆ ಪಟ್ಟಿಯು ಸರಿಯಿದ್ದಲ್ಲಿ ಮಾತ್ರ ‘ಆರ್‌ಎಂ -ಐ’ ಎಂದು ನೀಡುವುದು. ಪ್ರತಿ ಕಡತಕ್ಕೂ ಅನುಮತಿ ಕೇಳಲಾಗುವುದು. ಅಳಿಸಲು ‘ವೈ’ ಅಕ್ಷರವನ್ನು, ಬೇಡವಾದರೆ ‘ಎನ್’ ಅಕ್ಷರವನ್ನು ಒತ್ತುವುದು.
4. ಆರ್‌ಎಂ ಆಜ್ಞೆಗೆ ‘-ಆರ್‌ಎಫ್’ ಎಂಬ ಆಯ್ಕೆಯನ್ನು ಬಳಸದಿರುವುದು. ಇದು ಕೋಶವನ್ನು ಅದರೊಳಗಿನ ಸಮಸ್ತ ಕಡತಗಳ ಸಹಿತ, ಒಮ್ಮೆಯೂ ಕೇಳದೆ ಅಳಿಸುತ್ತದೆ.

6. ಕಡತಗಳನ್ನು ಹುಡುಕುವುದು ಮತ್ತು ಓದುವುದು

ಸ್ಕ್ಯಾನ್ ಮಾಡಿದ ಕಡತವು ಎಲ್ಲಿ ಉಳಿಯಿತೆಂದು ತಿಳಿಯದಿರುವುದು ಸಾಮಾನ್ಯ ತೊಂದರೆ. ಫೈಂಡ್ ಆಜ್ಞೆಯು ತಮ್ಮ ಸ್ವಂತ ಕೋಶ ಮತ್ತು ಅದರೊಳಗಿನ ಎಲ್ಲ ಕೋಶಗಳಲ್ಲಿಯೂ ಹುಡುಕುತ್ತದೆ.

ಫೈಂಡ್ ~ -ನೇಮ್ "ಪಹಣಿ*"

ಹೆಸರು ನೆನಪಿಲ್ಲದಿದ್ದಲ್ಲಿ, ಕಳೆದ 24 ಗಂಟೆಗಳಲ್ಲಿ ರಚನೆಯಾದ ಅಥವಾ ಬದಲಾದ ಕಡತಗಳನ್ನು ಹೀಗೆ ಪಡೆಯಬಹುದು. ಇಲ್ಲಿನ ಆಯ್ಕೆಯ ಅಕ್ಷರಗಳು ಎಂ, ಟಿ, ಐ, ಎಂ, ಇ.

ಫೈಂಡ್ ~ -ಎಂಟೈಮ್ -1

ಲೆಸ್: ಪಠ್ಯ ಕಡತವನ್ನು ಪುಟಪುಟವಾಗಿ ಓದಲು. ಹೊರಬರಲು ‘ಕ್ಯೂ’ ಅಕ್ಷರವನ್ನು ಒತ್ತುವುದು.

ಗ್ರೆಪ್ (ಜಿ, ಆರ್, ಇ, ಪಿ): ಪಠ್ಯ ಕಡತದೊಳಗೆ ಒಂದು ಪದವಿರುವ ಸಾಲುಗಳನ್ನು ಹೆಕ್ಕಿ ತೋರಿಸುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿರುವ ಅಕ್ಷರಗಳನ್ನು ಇದು ಓದಲಾರದು.

ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಯುನಿಕೋಡ್ ಅಲ್ಲದ ಅಕ್ಷರ ವಿನ್ಯಾಸವನ್ನು ಬಳಸಿ ಬೆರಳಚ್ಚು ಮಾಡಿದ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ರೂಪದಲ್ಲಿ ಶೇಖರವಾಗಿರುತ್ತವೆ. ಅಂತಹ ಕಡತದಲ್ಲಿ ತಮ್ಮ ಗ್ರಾಮದ ಹೆಸರನ್ನು ಕನ್ನಡದಲ್ಲಿ ಹುಡುಕಿದರೆ ಗ್ರೆಪ್ ಆಜ್ಞೆಗೆ ಅದು ಸಿಗುವುದಿಲ್ಲ. ಹುಡುಕಾಟದಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಹೆಸರು ಪಟ್ಟಿಯಲ್ಲಿಲ್ಲ ಎಂದು ತೀರ್ಮಾನಿಸದೆ, ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸಿ ಪುನಃ ಪರಿಶೀಲಿಸಿಕೊಳ್ಳುವುದು.

7. ಗಾತ್ರ ಮತ್ತು ನಮೂನೆಯ ಪರಿಶೀಲನೆ

ಲಗತ್ತಿಸಬೇಕಾದ ಕಡತದ ಗರಿಷ್ಠ ಗಾತ್ರ ಮತ್ತು ನಮೂನೆಯನ್ನು ಆಯಾ ಅರ್ಜಿಯ ಸೂಚನೆಗಳಲ್ಲಿ ನೋಡಿಕೊಳ್ಳುವುದು. ಗಾತ್ರವನ್ನು ತಿಳಿಯಲು:

ಎಲ್‌ಎಸ್ -ಎಲ್‌ಎಚ್ ಆದಾಯ.ಪಿಡಿಎಫ್

ಇಲ್ಲಿ ‘ಕೆ’ ಎಂಬುದು ಕಿಲೋಬೈಟನ್ನೂ ‘ಎಂ’ ಎಂಬುದು ಮೆಗಾಬೈಟನ್ನೂ ಸೂಚಿಸುತ್ತದೆ. ಈ ಆಜ್ಞೆಯು 1024 ಬೈಟ್‌ಗಳನ್ನು ಒಂದು ಕಿಲೋಬೈಟ್ ಎಂದು ಎಣಿಸುತ್ತದೆ. ಕೆಲವು ತಂತ್ರಾಂಶಗಳು 1000 ಬೈಟ್‌ಗಳನ್ನು ಒಂದು ಕಿಲೋಬೈಟ್ ಎಂದು ಎಣಿಸುತ್ತವೆ. ಮಿತಿಯು 500 ಕಿಲೋಬೈಟ್ ಎಂದಿದ್ದಲ್ಲಿ ಮೊದಲ ಲೆಕ್ಕದಂತೆ 5,12,000 ಬೈಟ್, ಎರಡನೆಯ ಲೆಕ್ಕದಂತೆ 5,00,000 ಬೈಟ್ ಆಗುತ್ತದೆ. ಕಡತವನ್ನು 5,00,000 ಬೈಟ್‌ಗಳೊಳಗೆ ಇರಿಸಿದಲ್ಲಿ ಎರಡೂ ಲೆಕ್ಕಗಳಿಗೆ ಒಪ್ಪಿತವಾಗುತ್ತದೆ. ನಿಖರವಾದ ಬೈಟ್ ಸಂಖ್ಯೆಯನ್ನು ‘ಎಲ್‌ಎಸ್ -ಎಲ್’ ತೋರಿಸುತ್ತದೆ.

ಫೈಲ್: ಕಡತದ ಒಳಗಿನ ದತ್ತಾಂಶವನ್ನು ನೋಡಿ ಅದರ ನೈಜ ನಮೂನೆಯನ್ನು ತಿಳಿಸುತ್ತದೆ. ಛಾಯಾಚಿತ್ರದ ಕಡತಕ್ಕೆ ‘ಪಿಡಿಎಫ್’ ಎಂದು ಹೆಸರು ಬದಲಿಸಿದ ಮಾತ್ರಕ್ಕೆ ಅದು ಪಿಡಿಎಫ್ ಆಗುವುದಿಲ್ಲ. ಅಂತಹ ಲಗತ್ತು ಸ್ವೀಕೃತವಾಗದಿರಬಹುದು, ಅಥವಾ ಪರಿಶೀಲನೆಯ ವೇಳೆ ತೆರೆದುಕೊಳ್ಳದೆ ಹೋಗಬಹುದು. ಫೈಲ್ ಆಜ್ಞೆಯು ‘ಜೆಪೆಗ್’ ಎಂದು ತಿಳಿಸಿದಲ್ಲಿ, ಲಿಬ್ರೆ ಆಫೀಸ್ ಮೊದಲಾದ ತಂತ್ರಾಂಶದಲ್ಲಿ ಚಿತ್ರವನ್ನು ಸೇರಿಸಿ ಪಿಡಿಎಫ್ ಆಗಿ ರಫ್ತು ಮಾಡಿಕೊಳ್ಳುವುದು.

8. ಕನ್ನಡದಲ್ಲಿ ಕಡತಗಳ ಹೆಸರು

ಲಿನಕ್ಸ್‌ನಲ್ಲಿ ಕನ್ನಡ ಹೆಸರುಗಳನ್ನು ಯುಟಿಎಫ್-8 ಸಂಕೇತ ಕ್ರಮದಲ್ಲಿ ಶೇಖರಿಸಲಾಗುತ್ತದೆ. ಈ ಕ್ರಮವನ್ನು 1992ರಲ್ಲಿ ರೂಪಿಸಿದವರು ಯುನಿಕ್ಸ್ ನಿರ್ಮಾತೃಗಳಲ್ಲೊಬ್ಬರಾದ ಕೆನ್ ಥಾಂಪ್ಸನ್ ಹಾಗೂ ರಾಬ್ ಪೈಕ್ ಅವರು. ಇದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೆ 3 ಬೈಟ್ ಬೇಕಾಗುತ್ತದೆ. ‘ಕನ್ನಡ’ ಎಂಬ ಪದವು ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಸಂಕೇತಗಳಿಂದ ಕೂಡಿದ್ದು, 15 ಬೈಟ್ ಆಗುತ್ತದೆ. ಲಿನಕ್ಸ್‌ನ ಸಾಮಾನ್ಯ ಶೇಖರಣಾ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್ ಮಿತಿಯಿರುವುದರಿಂದ ಪೂರ್ಣ ಕನ್ನಡ ಹೆಸರು 85 ಸಂಕೇತಗಳನ್ನು ಮೀರಲಾಗದು. ಆದ್ದರಿಂದ ಹೆಸರುಗಳು ಚಿಕ್ಕದಾಗಿರಲಿ.

ಇದಲ್ಲದೆ ಈ ಅಂಶಗಳನ್ನೂ ಗಮನಿಸುವುದು:

* ಹೆಸರಿನಲ್ಲಿ ಖಾಲಿ ಸ್ಥಳವನ್ನು ಬಿಡಬಾರದು. ‘ಆದಾಯ-ಪತ್ರ’ ಎಂಬಂತೆ ಅಡ್ಡಗೆರೆಯನ್ನು ಬಳಸಬಹುದು. ಖಾಲಿ ಸ್ಥಳವಿರುವ ಹೆಸರನ್ನು ಆಜ್ಞೆಯಲ್ಲಿ ನೀಡುವಾಗ ಉದ್ಧರಣ ಚಿಹ್ನೆಯೊಳಗೆ ಇಡಬೇಕು.
* ಕನ್ನಡ ಬೆರಳಚ್ಚಿನಲ್ಲಿ ಕಣ್ಣಿಗೆ ಕಾಣದ ಸಂಕೇತಗಳು ಸೇರಿಕೊಳ್ಳುವ ಸಾಧ್ಯತೆಯಿರುವುದರಿಂದ, ನೋಡಲು ಒಂದೇ ಆಗಿರುವ ಎರಡು ಹೆಸರುಗಳು ವ್ಯವಸ್ಥೆಗೆ ಬೇರೆಯಾಗಿರಬಹುದು. ಹೆಸರಿನ ಮೊದಲ ಅಕ್ಷರಗಳನ್ನು ಟೈಪ್ ಮಾಡಿ ಟ್ಯಾಬ್ ಕೀಲಿಯನ್ನು ಒತ್ತಿದಲ್ಲಿ, ಹೊಂದುವ ಕಡತ ಒಂದೇ ಇದ್ದರೆ ಉಳಿದ ಹೆಸರು ತಾನಾಗಿಯೇ ಪೂರ್ಣಗೊಳ್ಳುತ್ತದೆ.
* ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣಬಹುದು. ಇದು ತೋರಿಕೆಯ ನ್ಯೂನತೆ ಮಾತ್ರ; ಕಡತಕ್ಕೆ ಧಕ್ಕೆಯಾಗಿರುವುದಿಲ್ಲ.
* ಅರ್ಜಿಯ ಸೂಚನೆಗಳಲ್ಲಿ ಇಂಗ್ಲಿಷ್ ಹೆಸರನ್ನೇ ಕೋರಿದ್ದಲ್ಲಿ, ಸಲ್ಲಿಸುವ ಪ್ರತಿಗೆ ಮಾತ್ರ ಆ ಹೆಸರನ್ನು ನೀಡುವುದು.

9. ಅನುಮತಿಗಳು ಮತ್ತು ಗೋಪ್ಯತೆ

ಯುನಿಕ್ಸ್ ಮಾದರಿಯಲ್ಲಿ ಪ್ರತಿಯೊಂದು ಕಡತಕ್ಕೂ ಮಾಲೀಕರು, ಗುಂಪು ಮತ್ತು ಇತರರು ಎಂಬ ಮೂರು ವರ್ಗಗಳಿಗೆ ಪ್ರತ್ಯೇಕ ಅನುಮತಿಗಳಿರುತ್ತವೆ. ಓದುವುದಕ್ಕೆ 4, ಬರೆಯುವುದಕ್ಕೆ 2, ಚಲಾಯಿಸುವುದಕ್ಕೆ 1 ಎಂಬ ಅಂಕಗಳಿದ್ದು, ಅವುಗಳ ಮೊತ್ತವೇ ಆ ವರ್ಗದ ಅನುಮತಿ. ಹೊಸ ಕಡತಕ್ಕೆ ಅನೇಕ ವ್ಯವಸ್ಥೆಗಳಲ್ಲಿ 644 ಎಂಬ ಅನುಮತಿಯಿರುತ್ತದೆ. ಅಂದರೆ ಮಾಲೀಕರು ಓದಬಹುದು ಮತ್ತು ಬರೆಯಬಹುದು, ಉಳಿದವರು ಓದಬಹುದು. ಗುರುತಿನ ದಾಖಲೆ, ಬ್ಯಾಂಕ್ ಪುಸ್ತಕದ ಪ್ರತಿ ಮೊದಲಾದವುಗಳಿಗೆ ಇದು ಸೂಕ್ತವಲ್ಲ.

ಸಿಎಚ್‌ಮಾಡ್ (ಸಿ, ಎಚ್, ಎಂ, ಓ, ಡಿ) ಆಜ್ಞೆಯಿಂದ ಅನುಮತಿಯನ್ನು ಬದಲಿಸಬಹುದು:

ಸಿಎಚ್‌ಮಾಡ್ 600 ಗುರುತು.ಪಿಡಿಎಫ್

ಸಿಎಚ್‌ಮಾಡ್ 700 ಅರ್ಜಿ

ಮೊದಲನೆಯದು ಕಡತವನ್ನು ಮಾಲೀಕರು ಮಾತ್ರ ಓದುವಂತೆಯೂ ಬರೆಯುವಂತೆಯೂ ಮಾಡುತ್ತದೆ. ಎರಡನೆಯದು ಕೋಶಕ್ಕೆ ಮಾಲೀಕರಿಗೆ ಮಾತ್ರ ಪ್ರವೇಶ ನೀಡುತ್ತದೆ. ಈ ರಕ್ಷಣೆಗೆ ಮೂರು ಮಿತಿಗಳಿವೆ. ವ್ಯವಸ್ಥೆಯ ಆಡಳಿತಗಾರರು ಎಲ್ಲ ಕಡತಗಳನ್ನೂ ನೋಡಬಲ್ಲರು. ಎಲ್ಲರೂ ಒಂದೇ ಖಾತೆಯನ್ನು ಬಳಸುವ ಸಾರ್ವಜನಿಕ ಗಣಕಯಂತ್ರದಲ್ಲಿ ಮುಂದೆ ಬರುವ ವ್ಯಕ್ತಿಯೂ ವ್ಯವಸ್ಥೆಯ ದೃಷ್ಟಿಯಲ್ಲಿ ಮಾಲೀಕರೇ ಆಗಿರುತ್ತಾರೆ. ಮತ್ತು ಬಹುತೇಕ ಪೆನ್ ಡ್ರೈವ್‌ಗಳ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಮಾದರಿಯ ಶೇಖರಣೆಯಲ್ಲಿ ಈ ಅನುಮತಿಗಳು ಉಳಿಯುವುದಿಲ್ಲ. ಪೆನ್ ಡ್ರೈವ್ ಯಾರ ಕೈಗೆ ಸಿಕ್ಕರೂ ಅವರು ಓದಬಹುದು.

ಸಾರ್ವಜನಿಕ ಗಣಕಯಂತ್ರವನ್ನು ಬಿಟ್ಟೇಳುವ ಮುನ್ನ:

1. ದಾಖಲೆಗಳನ್ನು ತಮ್ಮ ಪೆನ್ ಡ್ರೈವ್‌ಗೆ ಪ್ರತಿ ಮಾಡಿಕೊಂಡು ಸಿಎಂಪಿ ಆಜ್ಞೆಯಿಂದ ಪರೀಕ್ಷಿಸುವುದು.
2. ಗಣಕಯಂತ್ರದಲ್ಲಿ ಉಳಿದಿರುವ ತಮ್ಮ ಕಡತಗಳನ್ನು ‘ಆರ್‌ಎಂ -ಐ’ ಮೂಲಕ ಅಳಿಸುವುದು. ಡೌನ್‌ಲೋಡ್ ಕೋಶವನ್ನೂ ಕಸದ ಬುಟ್ಟಿಯನ್ನೂ ಮರೆಯದೆ ನೋಡುವುದು. ಅಳಿಸಿದ ದತ್ತಾಂಶವನ್ನು ವಿಶೇಷ ತಂತ್ರಾಂಶಗಳಿಂದ ಪರಿಣತರು ಹೊರತೆಗೆಯುವ ಸಾಧ್ಯತೆ ಇದ್ದೇ ಇರುವುದರಿಂದ, ಸಾಧ್ಯವಿದ್ದಲ್ಲಿ ಆರಂಭದಿಂದಲೇ ಪೆನ್ ಡ್ರೈವ್‌ನಲ್ಲಿ ಕೆಲಸ ಮಾಡುವುದು ಮೇಲು.
3. ತಾವು ಟೈಪ್ ಮಾಡಿದ ಆಜ್ಞೆಗಳ ಸಾಲುಗಳು ಸಾಮಾನ್ಯವಾಗಿ ದಾಖಲಾಗಿರುತ್ತವೆ. ಹಿಸ್ಟರಿ ಆಜ್ಞೆಯು ಅವನ್ನು ತೋರಿಸುತ್ತದೆ. ಬ್ಯಾಶ್ ಶೆಲ್‌ನಲ್ಲಿ ‘ಹಿಸ್ಟರಿ -ಸಿ’ ಮತ್ತು ನಂತರ ‘ಹಿಸ್ಟರಿ -ಡಬ್ಲ್ಯೂ’ ಎಂಬ ಆಜ್ಞೆಗಳನ್ನು ನೀಡಿದಲ್ಲಿ ದಾಖಲೆಯು ತೆರವಾಗುತ್ತದೆ. ಆಧಾರ್ ಸಂಖ್ಯೆ, ಗುಪ್ತಪದ ಮೊದಲಾದವನ್ನು ಆಜ್ಞೆಯ ಸಾಲಿನಲ್ಲಾಗಲಿ ಕಡತದ ಹೆಸರಿನಲ್ಲಾಗಲಿ ಎಂದಿಗೂ ಬರೆಯಬಾರದು.
4. ಪೆನ್ ಡ್ರೈವನ್ನು ‘ಸುರಕ್ಷಿತವಾಗಿ ತೆಗೆಯುವ’ ಆಯ್ಕೆಯಿಂದಲೇ ತೆಗೆಯುವುದು. ಸಿಪಿ ಆಜ್ಞೆಯು ಮುಗಿದಂತೆ ಕಂಡರೂ ದತ್ತಾಂಶವು ಪೂರ್ಣವಾಗಿ ಬರೆಯಲ್ಪಡದೆ ಇರಬಹುದು.
5. ಎಕ್ಸಿಟ್ ಆಜ್ಞೆಯಿಂದ ಟರ್ಮಿನಲ್ ಮುಚ್ಚಿ, ಖಾತೆಯಿಂದ ನಿರ್ಗಮಿಸುವುದು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಜ್ಞೆಯು ಮುಗಿಯದೆ ನಿಂತುಬಿಟ್ಟರೆ ಏನು ಮಾಡಬೇಕು?
ಉತ್ತರ: ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದಲ್ಲಿ ಆಜ್ಞೆಯು ಸಾಮಾನ್ಯವಾಗಿ ನಿಲ್ಲುತ್ತದೆ. ಟರ್ಮಿನಲ್‌ನಲ್ಲಿ ಈ ಕೀಲಿಗಳು ಪಠ್ಯವನ್ನು ನಕಲಿಸುವುದಿಲ್ಲ. ನಕಲಿಸಲು ಬಹುತೇಕ ಟರ್ಮಿನಲ್‌ಗಳಲ್ಲಿ ಶಿಫ್ಟ್ ಕೀಲಿಯನ್ನೂ ಜೊತೆಗೆ ಒತ್ತಬೇಕು.

ಪ್ರಶ್ನೆ: ಗುಪ್ತಪದವನ್ನು ಟೈಪ್ ಮಾಡಿದರೂ ಪರದೆಯಲ್ಲಿ ಏನೂ ಕಾಣುತ್ತಿಲ್ಲ.
ಉತ್ತರ: ಟರ್ಮಿನಲ್‌ನಲ್ಲಿ ಗುಪ್ತಪದವನ್ನು ಸಾಮಾನ್ಯವಾಗಿ ಚುಕ್ಕಿಗಳ ರೂಪದಲ್ಲಿಯೂ ತೋರಿಸುವುದಿಲ್ಲ. ಅದರ ಉದ್ದವೂ ಪಕ್ಕದವರಿಗೆ ತಿಳಿಯಬಾರದೆಂಬುದು ಉದ್ದೇಶ. ಪೂರ್ಣವಾಗಿ ಟೈಪ್ ಮಾಡಿ ಎಂಟರ್ ಒತ್ತುವುದು.

ಪ್ರಶ್ನೆ: ‘ಸುಡೊ’ ಎಂದರೇನು?
ಉತ್ತರ: ಎಸ್, ಯು, ಡಿ, ಓ ಎಂಬ ಅಕ್ಷರಗಳ ಈ ಆಜ್ಞೆಯು ಮುಂದಿನ ಆಜ್ಞೆಯನ್ನು ಆಡಳಿತಗಾರರ ಅಧಿಕಾರದಿಂದ ಜಾರಿಗೊಳಿಸುತ್ತದೆ. ಈ ಪುಟದಲ್ಲಿನ ಯಾವ ಕೆಲಸಕ್ಕೂ ಇದರ ಅಗತ್ಯವಿಲ್ಲ. ಅಂತರಜಾಲದಲ್ಲಿ ಅಥವಾ ಸಂದೇಶಗಳಲ್ಲಿ ಬಂದ, ಅರ್ಥ ತಿಳಿಯದ ಆಜ್ಞೆಯನ್ನು, ವಿಶೇಷವಾಗಿ ಸುಡೊ ಎಂದು ಆರಂಭವಾಗುವುದನ್ನು, ಹಾಗೆಯೇ ನಕಲಿಸಿ ನೀಡಬಾರದು.

ಪ್ರಶ್ನೆ: ಆಜ್ಞೆಗಳ ಹೆಚ್ಚಿನ ವಿವರ ಎಲ್ಲಿ ದೊರೆಯುತ್ತದೆ?
ಉತ್ತರ: ‘ಮ್ಯಾನ್ ಎಲ್‌ಎಸ್’ ಎಂಬಂತೆ, ಮ್ಯಾನ್ (ಎಂ, ಎ, ಎನ್) ಎಂದು ಬರೆದು ಆಜ್ಞೆಯ ಹೆಸರನ್ನು ನೀಡಿದಲ್ಲಿ ಅದರ ಕೈಪಿಡಿ ತೆರೆಯುತ್ತದೆ. ಹೊರಬರಲು ‘ಕ್ಯೂ’ ಒತ್ತುವುದು.

ಪ್ರಶ್ನೆ: ಮನೆಯಲ್ಲಿ ವಿಂಡೋಸ್ ಅಥವಾ ಮ್ಯಾಕ್ ಇದ್ದರೆ ಅಭ್ಯಾಸ ಮಾಡಬಹುದೇ?
ಉತ್ತರ: ಮ್ಯಾಕ್ ಗಣಕಯಂತ್ರವು ಯುನಿಕ್ಸ್ ಆಧಾರಿತವಾದುದರಿಂದ ಅದರ ಟರ್ಮಿನಲ್‌ನಲ್ಲಿ ಈ ಆಜ್ಞೆಗಳು ಬಹುಪಾಲು ನಡೆಯುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಲಿನಕ್ಸ್ ಉಪವ್ಯವಸ್ಥೆಯನ್ನು ಅಳವಡಿಸಿಕೊಂಡು ಅಭ್ಯಾಸ ಮಾಡಬಹುದು. ಅಭ್ಯಾಸಕ್ಕೆ ಪ್ರತ್ಯೇಕ ಕೋಶವನ್ನು ರಚಿಸಿ, ಅದರಲ್ಲಿ ಕಳೆದುಹೋದರೂ ನಷ್ಟವಿಲ್ಲದ ಕಡತಗಳನ್ನು ಮಾತ್ರ ಇಡುವುದು.

11. ಸಾರಾಂಶ

* ಪಿಡಬ್ಲ್ಯೂಡಿ: ಎಲ್ಲಿದ್ದೇವೆ
* ಎಲ್‌ಎಸ್: ಏನೇನಿದೆ
* ಸಿಡಿ: ಕೋಶ ಬದಲಾವಣೆ
* ಎಂಕೆಡಿರ್: ಹೊಸ ಕೋಶ
* ಸಿಪಿ -ಐ: ಪ್ರತಿ
* ಎಂವಿ -ಐ: ಸ್ಥಳ ಅಥವಾ ಹೆಸರು ಬದಲಾವಣೆ
* ಸಿಎಂಪಿ: ಪ್ರತಿಯ ತಾಳೆ
* ಆರ್‌ಎಂ -ಐ: ಅಳಿಸುವಿಕೆ
* ಫೈಂಡ್, ಗ್ರೆಪ್: ಹುಡುಕಾಟ
* ಫೈಲ್: ನೈಜ ನಮೂನೆ
* ಸಿಎಚ್‌ಮಾಡ್: ಅನುಮತಿ
* ಮ್ಯಾನ್: ಕೈಪಿಡಿ

ವಿ.ಸೂ.: ಸ್ಕ್ಯಾನ್ ಮಾಡಿದ ಪ್ರತಿಯನ್ನು ಸಲ್ಲಿಸಿದ ನಂತರವೂ ಕಾಗದದ ಮೂಲ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಪ್ರಮುಖ ದಾಖಲೆಗಳ ಕಡತಗಳನ್ನು ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಲ್ಲಿ ಇರಿಸಿಕೊಳ್ಳುವುದು. ಅರ್ಜಿಯ ಸ್ವೀಕೃತಿ ಪತ್ರವನ್ನೂ ಅದೇ ಕೋಶದಲ್ಲಿ ಸೇರಿಸಿಟ್ಟಲ್ಲಿ ಮುಂದಿನ ವಿಚಾರಣೆಗೆ ಅನುಕೂಲವಾಗುತ್ತದೆ.